ಎಂಟು ಗಾಡಿಗಳ ಸುತ್ತು

"ಅಯ್ಯನವರೇ, ಸೂರ್ಯ, ಗ್ರಹ ಎಲ್ಲ ಒಂದೇ ಮೋಡದ ಧೂಳು ಅನ್ನುತ್ತೀರಿ. ಅದರಲ್ಲಿ ಯಾವ ಧೂಳು ಬೆಂಕಿಯಾಗಬೇಕು, ಯಾವುದು ನೆಲವಾಗಬೇಕು, ಯಾವುದು ಹಾರಿಹೋಗಬೇಕು ಎಂದು ಆರಿಸಿದವರು ಯಾರು?" ಎಂದು ಶಿಷ್ಯ ಕೇಳಿದ.

ಮಾಗಿಯ ಬೆಳಗು. ಅವನು ಎಳೆಬಿಸಿಲಿಗೆ ಬೆನ್ನು ಕಾಯಿಸಿಕೊಳ್ಳುತ್ತ ಕೂತಿದ್ದ. ಗುರುಗಳು ಒಂದು ಕತೆ ಹೇಳಿದರು.

ಒಂದು ಬಯಲಿನಲ್ಲಿ ಊರೂರಲ್ಲೂ ಹತ್ತಿ ಬೆಳೆಯುತ್ತಿದ್ದರು. ಯಾರ ಹತ್ತಿ ಅವರ ಮನೆಯ ಮೂಲೆಯಲ್ಲಿ. ಹಗುರಾಗಿ, ತಣ್ಣಗೆ, ಚದುರಿಕೊಂಡು. ಬಿಟ್ಟಿದ್ದರೆ ಹಾಗೇ ಇರುತ್ತಿತ್ತು. ಆದರೆ ಮೂಡಣ ಪಟ್ಟಣದ ಹತ್ತಿ ಕೊಂಡು ತುಂಬಿಡುವ ದೊಡ್ಡ ವಖಾರಿಯೊಂದು ಹೊತ್ತಿ ಸಿಡಿಯಿತು. ಇನ್ನು ಕೊಳ್ಳುವವರೇ ಇಲ್ಲ ಎಂಬ ಸುದ್ದಿಯ ಪೆಟ್ಟು ತಗಲಿ ಆ ಕಡೆಯ ರೈತರೆಲ್ಲ ಗಾಡಿ ಕಟ್ಟಿಕೊಂಡು ಈ ಕಡೆ ನುಗ್ಗಿದರು. ಬಯಲಿನ ನಡುವೆ ಒಬ್ಬ ವ್ಯಾಪಾರಿಯ ಅಂಗಳದಲ್ಲಿ ಮೊದಲ ನಾಲ್ಕು ಗಾಡಿ ಹತ್ತಿ ಬಿತ್ತು.

ಆಮೇಲೆ ಯಾರೂ ಯಾರನ್ನೂ ಕರೆಯಬೇಕಾಗಲಿಲ್ಲ. ರಾಶಿ ಇದ್ದಲ್ಲಿಗೆ ಕೊಳ್ಳುವವರು ಬರುತ್ತಾರೆ, ಕೊಳ್ಳುವವರು ಬಂದಲ್ಲಿಗೆ ಇನ್ನಷ್ಟು ಹತ್ತಿ ಬರುತ್ತದೆ. ರಾಶಿ ಬೆಳೆದಷ್ಟೂ ದೂರದಿಂದ ಎಳೆಯಿತು. ವ್ಯಾಪಾರಿ ಯಾವುದನ್ನೂ ದಂಡ ಮಾಡುವವನಲ್ಲ. ಸುಟ್ಟ ವಖಾರಿಯ ಬೂದಿಯಲ್ಲಿ ಸಿಕ್ಕ ಕಬ್ಬಿಣದ ಸಲಾಕೆಗಳನ್ನೂ ಅಗ್ಗಕ್ಕೆ ತರಿಸಿಕೊಂಡಿದ್ದ.

ಒಂದು ಸಂಗತಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ. ತೂಕ ಬರಲಿ ಎಂದು ಪ್ರತಿಯೊಬ್ಬ ರೈತನೂ ಹತ್ತಿಗೆ ನೀರು ಚಿಮುಕಿಸಿ ತರುತ್ತಿದ್ದ. ತನ್ನ ಒಂದು ಕೊಡ ನೀರಿನಿಂದ ಏನಾದೀತು ಎಂಬುದು ಪ್ರತಿಯೊಬ್ಬನ ಸಮಾಧಾನ. ವ್ಯಾಪಾರಿ ಅಷ್ಟನ್ನು ತೂಕದಲ್ಲಿ ಮುರಿದುಕೊಂಡು ಸುಮ್ಮನಿರುತ್ತಿದ್ದ. ಒದ್ದೆ ಹತ್ತಿಯ ಮೇಲೆ ಭಾರ ಬಿದ್ದರೆ ಅದು ಒಳಗೊಳಗೇ ಕಾಯುತ್ತದೆ.

ರಾಶಿಯ ಮೇಲೆ ನಿಂತು ತುಳಿಯುವ ಹಮಾಲನೊಬ್ಬನಿದ್ದ. ದಿನವೂ ಬೆಳಗ್ಗೆ ಸಲಾಕೆಯನ್ನು ರಾಶಿಯ ಹೊಟ್ಟೆಗೆ ಇಳಿಸಿ, ಎಳೆದು, ತುದಿಯನ್ನು ಅಂಗೈಗೆ ಒತ್ತಿ ನೋಡುವುದು ಅವನ ಕೆಲಸ. ಏಳನೆಯ ದಿನ ಅಂಗೈ ಸುಟ್ಟಿತು. ಅವನು ಇಳಿದು ಬಂದು, ಈಗಲೇ ರಾಶಿ ಬಿಚ್ಚಿ ಹರವದಿದ್ದರೆ ಮೇಲಿರುವವರು ಉಳಿಯುವುದಿಲ್ಲ ಎಂದ.

"ಬಿಚ್ಚಿದರೆ ಗಾಳಿ ಹೊಕ್ಕು ಹೊತ್ತಿಕೊಳ್ಳುತ್ತದೆ. ಮೇಲೆ ಇನ್ನಷ್ಟು ಹೇರು, ಭಾರಕ್ಕೆ ತಾನೇ ಆರುತ್ತದೆ," ಎಂದ ವ್ಯಾಪಾರಿ. "ನಿನಗೆ ಹೆದರಿಕೆಯಾದರೆ ಹೇಳು. ನಿನ್ನ ತಮ್ಮನನ್ನು ಏರಿಸುತ್ತೇನೆ."

ಹಮಾಲ ಮತ್ತೆ ಏರಿದ.

ತಮ್ಮನು ಕೆಳಗೆ ಗಾಡಿ ಹೊಡೆಯುತ್ತಿದ್ದ. ಸೀದಾ ಬಂದ ಗಾಡಿಗಳ ಹತ್ತಿ ರಾಶಿಗೆ ಸೇರಿತು. ಗಾಡಿಯವರೂ ತುಳಿಯಲು ಮೇಲೆ ಏರಿದರು. ಓರೆಯಾಗಿ ಬಂದ ಗಾಡಿಗಳು ಒಳಗೆ ಹೋಗಲಾರದೆ, ನಿಲ್ಲಲೂ ಜಾಗವಿಲ್ಲದೆ, ರಾಶಿಯನ್ನು ಸುತ್ತತೊಡಗಿದವು. ಎದುರುಬದುರಾದವು ಡಿಕ್ಕಿ ಹೊಡೆದವು. ಮುರಿದ ಗಾಡಿಯ ಹತ್ತಿ ಮುರಿಯದ ಗಾಡಿಗೆ ಸೇರಿತು. ಮಧ್ಯಾಹ್ನದ ಹೊತ್ತಿಗೆ ಎಂಟು ಗಾಡಿ ಉಳಿದಿದ್ದವು, ಎಲ್ಲವೂ ಒಂದೇ ದಿಕ್ಕಿಗೆ, ಒಂದರಾಚೆ ಒಂದು. ತಮ್ಮನದು ಒಳಗಿನಿಂದ ಮೂರನೆಯದು.

"ಅಣ್ಣಾ, ಬೆಳಗಿನಿಂದ ಸುತ್ತುತ್ತಿದ್ದೇನೆ. ಎತ್ತುಗಳು ಇದನ್ನು ಗಾಣ ಅಂದುಕೊಂಡಿವೆ. ನನ್ನ ಹೇರು ಮೊದಲು ಇಳಿಸಿಕೋ," ಎಂದ ತಮ್ಮ.

"ಇನ್ನೊಂದು ಸುತ್ತು ಹಾಕಿಕೊಂಡು ಬಾ."

ಮೇಲೆ ಏರಿದವನಿಗೆ ಒಡಹುಟ್ಟಿದವನೂ ಇರುವೆಯಾಗಿ ಕಾಣುತ್ತಾನೆ ಎಂದು ಬಯ್ದು, ಉಗುಳಿ, ತಮ್ಮನು ಎತ್ತುಗಳನ್ನು ಹೊಡೆದ.

ಆ ಸುತ್ತು ಮುಗಿಯುವ ಮೊದಲೇ ರಾಶಿ ಹೊತ್ತಿಕೊಂಡಿತು. ಯಾರೂ ಕಿಡಿ ಹಾಕಿದ್ದಲ್ಲ. ಭಾರವೇ ಹಚ್ಚಿದ್ದು. ಮೇಲಿದ್ದವರಲ್ಲಿ ಒಬ್ಬರೂ ಇಳಿಯಲಿಲ್ಲ. ವ್ಯಾಪಾರಿ ಊಟಕ್ಕೆ ಹೋಗಿದ್ದ. ಬೆಂಕಿ ಎಬ್ಬಿಸಿದ ಗಾಳಿಗೆ ಅಂಗಳದಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಹತ್ತಿಯೆಲ್ಲ ಬಯಲಿನಾಚೆ ಹಾರಿಹೋಯಿತು, ಮತ್ತೆ ಯಾರ ಕೈಗೂ ಸಿಗಲಿಲ್ಲ. ಒಳಸುತ್ತಿನ ಎರಡು ಗಾಡಿಗಳ ಹೇರು ಕಮರಿತು. ಹೊರಗಿನವು ಹಾಗೇ ಉಳಿದವು.

ಬೆಂಕಿ ಮೂರು ದಿನ ಉರಿಯಿತು. ಗಾಡಿಯವರಿಗೆ ಹೋಗಲು ಬೇರೆ ಪೇಟೆಯಿರಲಿಲ್ಲ. ಚಳಿಗೆ ಎತ್ತುಗಳು ನಡುಗುತ್ತಿದ್ದವು. ಮೊದಲ ದಿನ ತಮ್ಮನು ರಾಶಿಯ ಕಡೆ ಮುಖ ತಿರುಗಿಸಲಿಲ್ಲ. ಎರಡನೆಯ ದಿನ ಎತ್ತುಗಳನ್ನು ಅದರ ಹತ್ತಿರಕ್ಕೆ ತಂದು ಕಟ್ಟಿದ. ಮೂರನೆಯ ದಿನ ತಾನೂ ಕೈ ಚಾಚಿದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

"ಹಾಗಾದರೆ ಮೂರನೆಯ ಗಾಡಿಯನ್ನು ಅಣ್ಣ ಆರಿಸಿದ," ಎಂದ ಶಿಷ್ಯ.

"ಉಳಿದ ಏಳನ್ನು? ಅವು ಓರೆಯಾಗಿ ಬಂದಿದ್ದವು, ಉಳಿದವು. ಮೇಲಿನ ಮೋಡದಲ್ಲಿ ಆ ಒಬ್ಬ ಅಣ್ಣನೂ ಇರಲಿಲ್ಲ. ಯಾವುದೋ ನಕ್ಷತ್ರ ಸಿಡಿದ ಪೆಟ್ಟು ಇತ್ತು, ಭಾರ ಇತ್ತು, ಸುತ್ತು ಇತ್ತು."

ಶಿಷ್ಯನಿಗೆ ಅದಕ್ಕಿಂತ ಬೇರೆಯದೇ ಚುಚ್ಚುತ್ತಿತ್ತು. ಒಡಹುಟ್ಟಿದವನು ಬೆಂದ ಬೆಂಕಿಗೆ ಆ ತಮ್ಮ ಹೇಗೆ ಕೈ ಚಾಚಿದ ಎಂದು ತಾತ್ಸಾರದಿಂದ ಕೇಳಿದ.

ಗುರುಗಳು ಅವನ ಹಿಂದಿನ ಬಿಸಿಲನ್ನು ನೋಡಿದರು.

"ನೀನು ಬೆಳಗಿನಿಂದ ಬೆನ್ನು ಕಾಯಿಸಿಕೊಳ್ಳುತ್ತಿದ್ದೀಯಲ್ಲ, ಹಾಗೆ."