ಬೀಗಿತ್ತಿಗೆ ಬೀಗ

ಹೇಳಿದ ಮಾತು ಕೇಳದ ಮಕ್ಕಳನ್ನ ಹೆತ್ತು ಅಳೋ ತಾಯಂದಿರು ಬೀದಿಗೆ ಹತ್ತು ಜನ ಸಿಗ್ತಾರೆ. ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಕೇಳೋ ಮಗನನ್ನ ಹೆತ್ತು ಅತ್ತವಳು ಒಬ್ಬಳೇ. ಅವಳು ಎಣ್ಣೆಗಾಣದ ಬೀದಿಯ ಸಿದ್ದಗಂಗಮ್ಮ. ಆ ಮಗ ಈರಭದ್ರ.

ಈರಭದ್ರ ಆಳು ಆರಡಿ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. "ಬಾಯಿ ಮುಚ್ಚೋ" ಅಂದರೆ ಅಂಗೈಯಿಂದ ಮುಚ್ಚಿಕೊಳ್ಳೋನು. "ತೆಗಿ" ಅನ್ನೋದು ಅಮ್ಮ ಮರೆತರೆ ಅವತ್ತು ಅವನಿಗೆ ಊಟ ಇಲ್ಲ.

ಸಿದ್ದಗಂಗಮ್ಮನಿಗೆ ಕೂರೋಕೆ ಪುರುಸೊತ್ತಿಲ್ಲ. ಬೆಳಿಗ್ಗೆ ಶಾಲೆಯ ಬಿಸಿಯೂಟದ ಅಡುಗೆ, ಮಧ್ಯಾಹ್ನ ಸೀರೆ ಸೆರಗಿಗೆ ಕುಚ್ಚು ಕಟ್ಟೋದು, ಸಂಜೆ ರವಿಕೆ ಹೊಲಿಯೋದು. ಸಾಲುಮನೆ, ಇರೋದು ಒಂದೇ ಬಾಗಿಲು. ಒಳಗೆ ಹೊಲಿಗೆ ಮಿಷನ್ ಮೇಲೆ ಒಗ್ಗರಣೆ ಡಬ್ಬ, ಒಗ್ಗರಣೆ ಡಬ್ಬದೊಳಗೆ ರವಿಕೆ ಗುಂಡಿ. ಸಾರಿನಲ್ಲಿ ಹುಕ್ಕು ಸಿಕ್ಕರೆ ಪಕ್ಕಕ್ಕಿಟ್ಟು ಊಟ ಮುಂದುವರಿಸೋದು ಆ ಮನೆ ರೂಢಿ.

ಹಾಗಿರೋವಾಗ ಮಗಳು ಚಂದ್ರಕಲಾ ಬಾಣಂತನಕ್ಕೆ ಬಂದಳು. ಕೂಸನ್ನ ನೋಡೋಕೆ ಅವಳ ಅತ್ತೆ, ಅಂದರೆ ಬೀಗಿತ್ತಿ ವಿಶಾಲಾಕ್ಷಮ್ಮ ಬಂದರು. ಮಂಚದ ಮೇಲೆ ಕೂತರು. ಕೂತ ವೇಗದಲ್ಲೇ ಎದ್ದರು. ಸೂಜಿ.

"ಕೂತಲ್ಲಿ ಸೂಜಿ, ನಿಂತಲ್ಲಿ ದಾರ. ಇದು ಮನೆಯೋ ಸಂತೆಯೋ? ಇಲ್ಲಿ ನನ್ನ ಮೊಮ್ಮಗಳು ಐದು ತಿಂಗಳು ಹೇಗಿರುತ್ತೆ? ತೊಟ್ಟಿಲಿಗೆ ಹಾಕೋ ದಿನ ಬರ್ತೀನಿ. ಮನೆ ಮನೆಯ ಹಾಗಿದ್ದರೆ ಸರಿ. ಇಲ್ಲ ಅಂದರೆ ಅವತ್ತೇ ಇಬ್ಬರನ್ನೂ ಕರ್ಕೊಂಡು ಹೊರಟೆ."

ಮಗಳ ಬಾಣಂತನ ಅರ್ಧಕ್ಕೆ ನಿಂತರೆ ಊರಿಗೆ ಏನು ಮುಖ ತೋರಿಸೋದು? ಊರಿನದು ಹಾಗಿರಲಿ, ಕೂಸು ಈಗಷ್ಟೇ ಅಜ್ಜಿಯ ಮಡಿಲ ಗುರುತು ಹಿಡಿದಿತ್ತು. ಸಿದ್ದಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಫೋನಿನ ವಿಡಿಯೋದಲ್ಲಿ ಒಬ್ಬಾಕೆ ಬಿಡುವಿಲ್ಲದವರಿಗೆ ಮನೆ ಜೋಡಿಸೋ ಉಪಾಯ ಹೇಳ್ತಿದ್ದಳು. ಕುಚ್ಚು ಕಟ್ಟುತ್ತಾ ಅದನ್ನ ಕೇಳಿಸಿಕೊಂಡಳು. ಕೇಳಿದ್ದನ್ನ ಕೆಲಸಕ್ಕೆ ಹೊರಡೋ ಮುಂಚೆ ಮಗನಿಗೆ ದಾಟಿಸಿದಳು. ತಪ್ಪಾದದ್ದು ಅಲ್ಲೇ.

"ಲೋ ಭದ್ರಾ, ಒಂದು ವರ್ಷದಿಂದ ಯಾವ ಕೆಲಸಕ್ಕೂ ಬರದೆ ಬಿದ್ದಿರೋದನ್ನ ಎತ್ತಿ ಹೊರಗೆ ಹಾಕು. ಹಳೇ ಪೇಪರ್ ಗಾಡಿಯವನು ಬಂದರೆ ಕೊಟ್ಟುಬಿಡು."

"ಆಗಲಮ್ಮ."

ಈರಭದ್ರ ಹುಡುಕಿದ. ಮುರಿದ ಛತ್ರಿ? ಅದರಲ್ಲಿ ಮೊನ್ನೆ ಹಲ್ಲಿ ಓಡಿಸಿದ್ದರು, ಕೆಲಸಕ್ಕೆ ಬಂತು. ಸವೆದ ಟೈರು? ಅದರಲ್ಲಿ ಬೆಕ್ಕು ಮಲಗುತ್ತೆ, ಕೆಲಸಕ್ಕೆ ಬಂತು. ಹುಡುಕಿ ಹುಡುಕಿ ಸಾಕಾಗಿ ತಿರುಗಿದ. ಅಲ್ಲಿ ಆರಾಮಕುರ್ಚಿಯಲ್ಲಿ ಪೇಪರ್ ಹಿಡಿದು ಅಪ್ಪ ಮರುಳಪ್ಪ ಕೂತಿದ್ದರು. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿ ಸರಿಯಾಗಿ ಒಂದು ವರ್ಷ.

ಕುರ್ಚಿ ಸಮೇತ ಎತ್ತಿದ. ಮರುಳಪ್ಪ ಪೇಪರ್ ಇಳಿಸಲಿಲ್ಲ. ಕೆಳಗೆ ಏನೋ ಅಲುಗಾಡಿತು ಅಂತ ಹಳೇ ಅಭ್ಯಾಸದಲ್ಲಿ "ರೈಟ್, ಹೋಗಲಿ" ಅಂದರು, ಅಷ್ಟೇ.

ಸಿದ್ದಗಂಗಮ್ಮ ಬರೋ ಹೊತ್ತಿಗೆ ಬೀದಿಯಲ್ಲಿ ಜನ. ಗಾಡಿಯವನು ತಲೆ ಕೆರೆದುಕೊಂಡು ನಿಂತಿದ್ದ.

"ಕುರ್ಚಿಯಾದರೆ ತಗೋತೀನಿ ತಾಯಿ. ಯಜಮಾನರನ್ನ ನೀವೇ ಇಳಿಸಿಕೊಳ್ಳಿ."

ಪಕ್ಕದಲ್ಲಿ ಈರಭದ್ರನೂ ಮಂಡಿ ಕಟ್ಟಿ ಕೂತಿದ್ದ.

"ನೀನ್ಯಾಕೋ ಇಲ್ಲಿ ಕೂತೆ?"

"ನಾನೂ ಯಾವ ಕೆಲಸಕ್ಕೂ ಬರಲ್ಲ ಅಂತ ನೀನೇ ಹೇಳ್ತೀಯಲ್ಲಮ್ಮ. ಅಪ್ಪನ ಜೊತೆ ನನ್ನೂ ಕೊಟ್ಟುಬಿಡೋಣ ಅಂತ."

ಬಯ್ಯೋಕೆ ಬಾಯಿ ತೆಗೆದರೆ ನಗು ಬಂತು, ನಗೋಕೆ ಹೋದರೆ ಅಳು ಬಂತು ಅವಳಿಗೆ. ಇಬ್ಬರನ್ನೂ ಒಳಗೆ ನೂಕಿದಳು. "ಮಂಕೇ, ಮನುಷ್ಯರು ಬೇರೆ ಸಾಮಾನು ಬೇರೆ ಕಣೋ. ಒಂದೇ ಥರ ಇರೋದನ್ನ ಒಂದೇ ಕಡೆ ಸೇರಿಸಬೇಕು. ಅದೇ ಜೋಡಿಸೋದು ಅಂದರೆ. ತಿಳೀತಾ?"

"ತಿಳೀತಮ್ಮ. ಒಂದೇ ಥರದ್ದು ಒಂದೇ ಕಡೆ."

ಮಾರನೇ ದಿನ ಅಡುಗೆಮನೆಗೆ ನುಗ್ಗಿದ. ಉಪ್ಪು ನೋಡಿದ, ಬೆಳ್ಳಗಿತ್ತು. ಸಕ್ಕರೆ ನೋಡಿದ, ಬೆಳ್ಳಗಿತ್ತು. ಅಕ್ಕಿ ಹಿಟ್ಟು, ರಂಗೋಲಿ ಪುಡಿ, ಬಟ್ಟೆ ಸೋಡಾ, ಕೂಸಿನ ಪೌಡರ್, ಎಲ್ಲಾ ಬೆಳ್ಳಗಿದ್ದವು. ದೊಡ್ಡ ಡ್ರಮ್ಮಿಗೆ ಸುರಿದು ಸೌಟಲ್ಲಿ ತಿರುವಿದ. ಆರು ಡಬ್ಬ ಖಾಲಿ, ಆರು ಡಬ್ಬದ ಜಾಗ ಖಾಲಿ. ಫೋನಿನಾಕೆ ಕಂಡಿದ್ದರೆ ಬಹುಮಾನ ಕೊಡ್ತಿದ್ದಳು.

ಸಂಜೆ ಮರುಳಪ್ಪನಿಗೆ ಕಾಫಿ ಬಂತು.

"ಏನೇ, ಇವತ್ತು ನೊರೆ ಜೋರಾಗಿದೆ," ಅಂದು ಕುಡಿದರು. ಆಮೇಲೆ ಬಹಳ ಹೊತ್ತು ಬಾಯಿ ತೆಗೆದರೆ ಗುಳ್ಳೆ ಬರ್ತಿತ್ತು.

ರಂಗೋಲಿ ಕತೆ ಇನ್ನೂ ಚೆಂದ. ಸಂಜೆ ಬಾಗಿಲಲ್ಲಿ ಚಂದ್ರಕಲಾ ಬಳ್ಳಿ ಎಳೆದಿದ್ದಳು. ಬೆಳಗಾಗೋದರೊಳಗೆ ಇರುವೆ ಮುತ್ತಿ, ಆ ಬಳ್ಳಿ ಸಾಲಾಗಿ ಎದುರು ಮನೆಗೆ ನಡೆದುಕೊಂಡು ಹೋಗ್ತಿತ್ತು.

ಸಿದ್ದಗಂಗಮ್ಮ ಹಣೆ ಚಚ್ಚಿಕೊಂಡಳು. "ಕಂಡದ್ದೆಲ್ಲ ಒಂದೇ ಆಗುತ್ತೇನೋ ಕೋಡಂಗಿ? ಯಾವುದಕ್ಕೆ ಏನು ಬೇಕೋ ಅದನ್ನ ನೋಡಿ ಕೊಡಬೇಕು. ಕಾಫಿಗೆ ಸಕ್ಕರೆ ಬೇಕು, ಬಟ್ಟೆಗೆ ಸೋಡಾ ಬೇಕು."

"ಯಾವುದಕ್ಕೆ ಏನು ಬೇಕೋ ಅದು. ತಿಳೀತಮ್ಮ."

ಅಮ್ಮ ಮಗಳು ಕೂತು ಹಳೇ ಲಗ್ನಪತ್ರಿಕೆ, ಬಣ್ಣದ ಕಾಗದ ಕತ್ತರಿಸಿ ಹೂವು ಮಾಡಿದರು. ಗುಲಾಬಿ, ದಾಸವಾಳ, ಸೇವಂತಿಗೆ. ತೊಟ್ಟಿಲು ಕಟ್ಟೋ ಗೋಡೆಗೆ ಹೊಸದಾಗಿ ಸುಣ್ಣ ಬಳಿದು, ಮೈದಾ ಅಂಟಿನಲ್ಲಿ ಬಳ್ಳಿ ಬಳ್ಳಿಯಾಗಿ ಅಂಟಿಸಿದರು. ಸಿದ್ದಗಂಗಮ್ಮ ದೂರ ನಿಂತು ನೋಡಿದಳು. "ಬೀಗಿತ್ತಿ ಇದನ್ನ ನಿಜವಾದ ಹೂವು ಅಂದುಕೋಬೇಕು," ಅಂದು ಕೆಲಸಕ್ಕೆ ಹೋದಳು.

ಈರಭದ್ರ ಹೂವಿನ ಮುಂದೆ ನಿಂತು ಯೋಚಿಸಿದ. ಹೂವಿಗೆ ಏನು ಬೇಕು? ನೀರು ಬೇಕು. ಒಂದು ಕೊಡ ಹಾಕಿದ. ಇನ್ನೇನು ಬೇಕು? ಗೊಬ್ಬರ ಬೇಕು. ಅದನ್ನೂ ತಂದು ಗೋಡೆ ಬುಡಕ್ಕೆ ಹಾಕಿದ.

ಬಣ್ಣ ಇಳಿಯಿತು. ಕಾಡಿಗೆ ಹಚ್ಚಿಕೊಂಡು ಅತ್ತವಳ ಕೆನ್ನೆ ಹೇಗಿರುತ್ತೋ ಹಾಗಾಯಿತು ಗೋಡೆ, ಆದರೆ ಇದು ಗುಲಾಬಿ ಬಣ್ಣದ ಅಳು. ಗೊಬ್ಬರದ ವಾಸನೆಗೆ ಎದುರು ಮನೆ ಜಯಂತಕ್ಕ ಬಂದು ಇಣುಕಿದಳು. "ಒಳಗೇ ಕೃಷಿ ಶುರು ಮಾಡಿದಿರಾ?"

ಚಂದ್ರಕಲಾ ಕೂಸನ್ನ ಎತ್ತಿಕೊಂಡು ಗೋಡೆ ನೋಡಿದಳು. "ಅಮ್ಮಾ, ನನ್ನ ಬಟ್ಟೆ ಗಂಟು ಇವತ್ತೇ ಕಟ್ಟಲಾ, ನಾಳೆ ಕಟ್ಟಲಾ?" ತಮಾಷೆಗೆ ಅಂದದ್ದು. ಆದರೆ ಅಂದಮೇಲೆ ಕೂಸನ್ನ ಎದೆಗೆ ಒತ್ತಿ ಹಿಡಿದಳು.

ಅವತ್ತು ಸಿದ್ದಗಂಗಮ್ಮ ಜೋರು ಮಾಡಲಿಲ್ಲ. ಮೆಲ್ಲಗೆ ಅಂದಳು. ಅದೇ ಹೆಚ್ಚು ಹೆದರಿಕೆ. "ಯಾವುದು ಕಾಗದ, ಯಾವುದು ಹೂವು, ಯಾವುದು ಉಪ್ಪು, ಯಾವುದು ಸೋಡಾ, ನಿನಗೆ ತಿಳಿಯಲ್ಲ ಕಣಪ್ಪ. ಎಲ್ಲಾ ಡಬ್ಬದ ಮೇಲೂ ಹೆಸರು ಬರೆದು ಅಂಟಿಸು. ಅಷ್ಟು ಮಾಡು ಸಾಕು."

"ಹೆಸರು ಬರೆದು ಅಂಟಿಸೋದು. ತಿಳೀತಮ್ಮ."

ಇದರಲ್ಲಿ ತಪ್ಪೋಕೆ ಏನಿದೆ ಅಂತೀರಾ? ಕೇಳಿ.

ತೊಟ್ಟಿಲಿಗೆ ಹಾಕೋ ಹಿಂದಿನ ದಿನ ಸಿದ್ದಗಂಗಮ್ಮ ಕೋಸಂಬರಿಗೆ ಹೆಸರುಬೇಳೆ ತೆಗೆದಿಡೋಣ ಅಂತ ಅಡುಗೆಮನೆಗೆ ಹೋದಳು. ಸಾಲಾಗಿ ಡಬ್ಬ. ದುಂಡಗೆ ಬರೆದ ಚೀಟಿ. ಮೊದಲನೇ ಡಬ್ಬದ ಮೇಲೆ "ಹೆಸರು" ಅಂತಿತ್ತು. ಪರವಾಗಿಲ್ಲವೇ ನನ್ನ ಮಗ, ಅಂದುಕೊಂಡು ತೆಗೆದಳು. ಖಾರದಪುಡಿ. ಸೀನು ನಿಲ್ಲಿಸಿ ಎರಡನೇದು ನೋಡಿದಳು. "ಹೆಸರು." ಒಳಗೆ ಗುಂಡಿ, ಹುಕ್ಕು. ಮೂರನೇದು "ಹೆಸರು." ಒಳಗೆ ಮೆಂತ್ಯ. ಮೇಲಿನ ಸಾಲಿಗೂ ಹೆಸರು, ಕೆಳಗಿನ ಸಾಲಿಗೂ ಹೆಸರು. ಮೂಲೆಯಲ್ಲಿ ಒಂದೇ ಒಂದು ಡಬ್ಬದ ಮೇಲೆ ಏನೂ ಇಲ್ಲ. ತೆಗೆದಳು. ಹೆಸರುಬೇಳೆ.

"ಇದೊಂದರ ಮೇಲೆ ಯಾಕೋ ಬರೀಲಿಲ್ಲ?"

"ಅದರೊಳಗೇ ಹೆಸರು ಇದೆಯಲ್ಲಮ್ಮ. ಮೇಲೂ ಯಾಕೆ ದಂಡ?"

ಸಿದ್ದಗಂಗಮ್ಮ ನೆಲಕ್ಕೆ ಕುಸಿದು ಕೂತಳು. "ನಿನ್ನ ಹೆತ್ತ ಹೊಟ್ಟೆಗೆ ಹೆಸರುಬೇಳೆ ಪಾಯಸ ಸುರೀಲಿ. ಲೋ, ಮುಚ್ಚಳ ತೆಗೆದು ಒಳಗೆ ಏನಿದೆ ನೋಡು. ಇದ್ದದ್ದನ್ನ ಇದ್ದ ಹಾಗೆ ಬರಿ. ತೆಗೆದು ನೋಡದೆ ಯಾವುದಕ್ಕೂ ಬರೀಬೇಡ."

"ಇದ್ದದ್ದನ್ನ ಇದ್ದ ಹಾಗೆ. ತಿಳೀತಮ್ಮ."

ಹೊತ್ತು ಉಳಿದಿರಲಿಲ್ಲ. ಸಿಕ್ಕಿದ್ದನ್ನೆಲ್ಲ ಮಂಚದ ಕೆಳಗೆ ತುರುಕಿ, ಹಳೇ ಸೀರೆಗೆ ಕುಚ್ಚು ಕಟ್ಟಿ ಪರದೆ ಬಿಟ್ಟಳು. ಗೋಡೆಯ ಕಲೆ ಮೇಲೆ ಕ್ಯಾಲೆಂಡರ್ ನೇತುಹಾಕಿದಳು. ಜಯಂತಕ್ಕನ ಮನೆಯಿಂದ ಕುರ್ಚಿ ತಂದಳು. ಹರಿದ ಸೀರೆ ಚೂರುಗಳನ್ನ ಸೇರಿಸಿ ಹೊಲಿದ ಕೌದಿಯನ್ನ ತೊಟ್ಟಿಲಿಗೆ ಹಾಸಿದಳು. ನೋಡಿದರೆ, ನಿಜವಾಗಲೂ, ಮನೆ ಮನೆಯ ಹಾಗಿತ್ತು.

ಬೆಳಿಗ್ಗೆ ವಿಶಾಲಾಕ್ಷಮ್ಮ ಮಗ, ಅಂದರೆ ಚಂದ್ರಕಲಾಳ ಗಂಡ, ಷಡಕ್ಷರಿಯ ಜೊತೆ ಬಂದರು. ಸಿದ್ದಗಂಗಮ್ಮ ಕಾಲಿಗೆ ನೀರು ಕೊಟ್ಟಳು. ವಿಶಾಲಾಕ್ಷಮ್ಮ ಒಳಗೆ ಬಂದು ಸುತ್ತ ನೋಡಿ, "ಪರವಾಗಿಲ್ಲವೇ," ಅಂದರು. ಆಮೇಲೆ ಕನ್ನಡಕ ಹಾಕಿಕೊಂಡರು. ಹಾಕಿಕೊಳ್ಳದೆ ಇದ್ದಿದ್ದರೆ ಕತೆ ಇಲ್ಲಿಗೇ ಮುಗೀತಿತ್ತು.

ಪರದೆಯ ಮೇಲೆ ಒಂದು ಚೀಟಿ. "ಇದರ ಹಿಂದೆ ಇಡೀ ಮನೆ ಕಸ ಇದೆ."

ಕ್ಯಾಲೆಂಡರ್ ಮೇಲೆ, "ಇದರ ಕೆಳಗೆ ಕಲೆ ಇದೆ. ನಾನೇ ಮಾಡಿದ್ದು."

ಕುರ್ಚಿಯ ಬೆನ್ನಿಗೆ, "ಜಯಂತಕ್ಕನದು. ಸಂಜೆ ವಾಪಸ್."

ಪಾಯಸದ ಪಾತ್ರೆಗೆ, "ಗೋಡಂಬಿ ಮೇಲೆ ಮಾತ್ರ. ಒಳಗೆ ಕೈ ಆಡಿಸಿ ನೋಡಿದೆ."

ಮರುಳಪ್ಪನ ಬೆನ್ನಿಗೆ, "ಅಪ್ಪ. ಕೆಲಸಕ್ಕೆ ಬರಲ್ಲ. ಹೊರಗೆ ಹಾಕಬಾರದು."

ಷಡಕ್ಷರಿ ಕಿಸಕ್ ಅಂದ. ಸಿದ್ದಗಂಗಮ್ಮ ಚೀಟಿ ಕೀಳೋಕೆ ಪರದೆ ಕಡೆ ಓಡಿದಳು. ಬಗ್ಗಿದಾಗ ಅವಳ ಬೆನ್ನ ಮೇಲಿನ ಸೆರಗಿನಲ್ಲೂ ಒಂದು ಚೀಟಿ ಕಂಡಿತು. ವಿಶಾಲಾಕ್ಷಮ್ಮ ಹಿಡಿದು ನಿಲ್ಲಿಸಿ ಓದಿದರು.

"ಅಮ್ಮ. ಮೂರು ಹೊತ್ತೂ ಕೆಲಸ. ಒಳಗೆಲ್ಲ ಭಯ ಇದೆ. ಅಕ್ಕನನ್ನ ಕರ್ಕೊಂಡು ಹೋಗ್ತಾರೆ ಅಂತ."

ನಗು ನಿಂತಿತು. ಚಂದ್ರಕಲಾ ತೊಟ್ಟಿಲ ಹಗ್ಗ ಹಿಡಿದು ತಲೆ ಬಗ್ಗಿಸಿದಳು. ಅವಳ ಜಡೆಗೂ ಒಂದು ಚೀಟಿ ಇತ್ತು. "ಅಕ್ಕ. ನಿದ್ದೆ ಇಲ್ಲ. ಇಲ್ಲೇ ಇರಬೇಕು ಅಂತ ಅಳು ಇದೆ. ಹೇಳಲ್ಲ."

ವಿಶಾಲಾಕ್ಷಮ್ಮ ಕನ್ನಡಕ ತೆಗೆದು ಒರೆಸಿದರು. "ಯಾವನೋ ಇದನ್ನ ಬರೆದೋನು?"

"ನಾನೇ ಅತ್ತೆ," ಅಂದ ಈರಭದ್ರ.

"ಎಲ್ಲರಿಗೂ ಬರೆದೆ. ನನಗೆ ಯಾಕೋ ಬರೀಲಿಲ್ಲ?"

"ನಿಮ್ಮ ಮುಚ್ಚಳ ಇನ್ನೂ ತೆಗೆದು ನೋಡಿಲ್ಲ ಅತ್ತೆ. ಒಳಗೆ ಏನಿದೆ ಅಂತ ತಿಳೀದೆ ಬರೀಬಾರದಂತೆ."

ಸಿದ್ದಗಂಗಮ್ಮ ಕಣ್ಣು ಮುಚ್ಚಿಕೊಂಡಳು. ಮರುಳಪ್ಪ ಪೇಪರ್ ಹುಡುಕಿದರು, ಮುಖ ಮುಚ್ಚಿಕೊಳ್ಳೋಕೆ. ವಿಶಾಲಾಕ್ಷಮ್ಮನ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಕೊನೆಗೆ ನಗು ಬಾಯಿಗೆ ಬಂತು. ಜಯಂತಕ್ಕನ ಕುರ್ಚಿಯಲ್ಲಿ ಕೂತುಬಿಟ್ಟರು.

"ನನ್ನ ಮನೇಲೂ ಮಂಚದ ಕೆಳಗೆ ನೋಡಿದವರಿಲ್ಲ ಕಣೇ ಸಿದ್ದಗಂಗಿ," ಅಂದರು. "ಕೂಸನ್ನ ತೊಟ್ಟಿಲಿಗೆ ಹಾಕು ನಡಿ."

ಕೂಸಿಗೆ ನಿರ್ಮಲಾ ಅಂತ ಹೆಸರಿಟ್ಟರು. ಊಟಕ್ಕೆ ಕೂತಾಗ ವಿಶಾಲಾಕ್ಷಮ್ಮ ಷಡಕ್ಷರಿಯ ಎಲೆಗೆ ತಾವೇ ಹೋಳಿಗೆ ಹಾಕಿ, ತುಪ್ಪ ಸುರಿದು, "ಮೂವತ್ತು ತುಂಬಿದರೇನು, ನನಗಿವನು ಇನ್ನೂ ಮಗುವೇ," ಅಂದರು. ಷಡಕ್ಷರಿ ನಾಚಿ ಎರಡು ಹೆಚ್ಚೇ ತಿಂದ.

ಕೈ ತೊಳೆದು ವಿಶಾಲಾಕ್ಷಮ್ಮ ಈರಭದ್ರನನ್ನ ಕರೆದರು. ಎಲ್ಲರ ಎದುರಿಗೇ ಹೇಳಿದರು. "ನೋಡಪ್ಪ, ಈ ಮನೇಲಿ ಇದ್ದದ್ದು ಇದ್ದ ಹಾಗೆ ಹೇಳೋನು ನೀನೊಬ್ಬ. ನಿನಗೇ ವಹಿಸ್ತೀನಿ. ಐದು ತಿಂಗಳು ತುಂಬೋವರೆಗೂ ತಾಯಿ ಮಗು ಈ ಹೊಸಲು ದಾಟಬಾರದು. ಯಾರು ಕೇಳಿದರೂ ಬಿಡಬೇಡ. ನಾನೇ ಕೇಳಿದರೂ ಬಿಡಬೇಡ."

ಸಿದ್ದಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗನನ್ನ ಹೆತ್ತದ್ದಕ್ಕೆ ಅವಳು ಖುಷಿಪಟ್ಟದ್ದು ಅವತ್ತೇ ಮೊದಲು. ಬಹಳ ಹೊತ್ತು ಉಳೀಲಿಲ್ಲ, ಅದು ಬೇರೆ ಮಾತು.

"ಈಗ ನನ್ನ ಬ್ಯಾಗ್ ತಗೊಂಡು ಹೋಗಿ ಬಸ್ಸಲ್ಲಿಟ್ಟು ಸೀಟು ಹಿಡಿ. ನಾವು ಹಿಂದೆಯೇ ಬರ್ತೀವಿ."

"ಆಗಲಿ ಅತ್ತೆ."

ಎಲೆ ಅಡಿಕೆ ಆಯಿತು, ಕುಂಕುಮ ಆಯಿತು. ವಿಶಾಲಾಕ್ಷಮ್ಮ ಚಪ್ಪಲಿ ಮೆಟ್ಟಿ ಬಾಗಿಲು ಎಳೆದರು. ಬರಲಿಲ್ಲ. ಷಡಕ್ಷರಿ ಎಳೆದ. ಬರಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ ಬಾಗಿಲಿಗೆ ಹೊರಗಿನಿಂದ ಅಂಗೈ ಅಗಲದ ಬೀಗ. ಜಗುಲಿ ಮೇಲೆ ಈರಭದ್ರ ಕಾಲಾಡಿಸುತ್ತಾ ಕೂತಿದ್ದ.

"ಲೋ, ಬೀಗ ಯಾಕೋ ಹಾಕಿದೆ? ನಾವು ಹೊರಡಬೇಕು."

"ನೀವು ಹೊರಡೋ ಹಾಗಿಲ್ಲ ಅತ್ತೆ. ತಾಯಿ ಮಗು ಐದು ತಿಂಗಳು ಹೊಸಲು ದಾಟಬಾರದಂತೆ."

"ಅದು ಚಂದ್ರಕಲಾಗೆ ಹೇಳಿದ್ದು ಕಣೋ."

"ನೀವು ತಾಯಿ ಅಲ್ಲವಾ?"

"ತಾಯಿಯೇ."

"ಇವರು ನಿಮಗೆ ಮಗುವೇ ಅಂತ ಹೋಳಿಗೆ ಹಾಕಿದಿರಲ್ಲ."

ಷಡಕ್ಷರಿ ಗೋಡೆ ನೋಡಿದ. ವಿಶಾಲಾಕ್ಷಮ್ಮ ಸರಳು ಹಿಡಿದುಕೊಂಡರು. "ನಾನೇ ಕೇಳ್ತಿದ್ದೀನಪ್ಪ, ತೆಗಿ."

"ನೀವೇ ಕೇಳಿದರೂ ಬಿಡಬೇಡ ಅಂದಿದ್ದೀರಿ."

ಈಗ ಸಿದ್ದಗಂಗಮ್ಮ ಕಿಟಕಿಗೆ ನುಗ್ಗಿದಳು. "ನನ್ನಪ್ಪಾ, ನಿನ್ನ ದಮ್ಮಯ್ಯ, ಕೀಲಿ ಎಲ್ಲಿದೆ?"

"ನಾನು ಪೆದ್ದ ಅಲ್ಲವಾಮ್ಮ? ಯಾರಾದರೂ ಪುಸಲಾಯಿಸಿದರೆ ಕೊಟ್ಟುಬಿಡ್ತೀನಿ. ಅದಕ್ಕೇ ಬೀಗ ಹಾಕಿ ಇನ್ನೊಂದು ಸಲ ಬಸ್ಸಿಗೆ ಓಡಿ, ಅತ್ತೆ ಬ್ಯಾಗಿನೊಳಗೆ ಹಾಕಿ ಬಂದೆ."

ಬೀದಿ ಕೊನೆಯಲ್ಲಿ ಹಾರನ್ ಆಯಿತು. ಒಳಗಿಂದ ಮರುಳಪ್ಪ ಕಿವಿಗೊಟ್ಟರು. "ನಮ್ಮ ಬಸ್ಸೇ. ಹೊರಟಿತು."

ಈರಭದ್ರ ಕಿಟಕಿ ಹತ್ತಿರ ಬಂದು, ವಿಶಾಲಾಕ್ಷಮ್ಮನಿಗೆ ಮಾತ್ರ ಕೇಳೋ ಹಾಗೆ ಸಮಾಧಾನ ಹೇಳಿದ.

"ಗಾಬರಿ ಆಗಬೇಡಿ ಅತ್ತೆ. ಸೀಟು ಸಿಕ್ಕಿದೆ. ಕಿಟಕಿ ಪಕ್ಕ."