ಸಣ್ಣೀರಮ್ಮನ ಹಳ್ಳ

ಸೇತುರಾಯರು ನಡೆದು ನಡೆದು ಸುಸ್ತಾಗಿ ಕೂತದ್ದನ್ನು ನೋಡಿದವನು ಈ ಭೂಮಿ ಮೇಲೆ ನಾನೊಬ್ಬನೇ. ಆವತ್ತು ಅವರನ್ನೂ, ಅಳತೆಯ ಸರಪಳಿಯನ್ನೂ, ದಾರಿಯಲ್ಲಿ ಸಿಕ್ಕ ಒಂದು ಕರಡಿಮರಿಯನ್ನೂ ಹೊತ್ತುಕೊಂಡು ಹನ್ನೊಂದು ಮೈಲಿ ನಡೆದೆ. ಕರಡಿ ಅರ್ಧದಲ್ಲೇ ಇಳಿದು ಹೋಯಿತು. ರಾಯರು ಈಗಿಲ್ಲ. ಸುಳ್ಳು ಅನ್ನುವವರು ಕರಡಿಯನ್ನು ಹುಡುಕಿ ಕೇಳಲಿ.

ಹಳ್ಳದ ದಂಡೆಯ ಮೇಲೆ ಕೂತು ಇದನ್ನು ಹೇಳಿದಾಗ ವಾರಿಜಮ್ಮ ನಕ್ಕರು. ಅವರು ರಾಯರ ಮಗಳು. ಅಪ್ಪನ ನೆನಪಿಗೆ ಒಂದು ಪುಸ್ತಕ ಮಾಡಬೇಕೆಂದು ನೋಟ್‌ಬುಕ್ಕು, ಪೆನ್ನು ಹಿಡಿದು ಬಂದಿದ್ದರು.

“ಓಬಣ್ಣ, ಕರಡಿ ಬಿಡಿ. ಅಪ್ಪನ ವಿಷಯ ಹೇಳಿ.”

ಹೇಳಿದೆ.

ರಾಯರು ಯೂನಿವರ್ಸಿಟಿಗೆ ಲೈಬ್ರರಿಯನ್ ಆಗಿ ಬಂದಾಗ ಅಲ್ಲಿದ್ದದ್ದು ಎರಡು ಬೀರು, ಒಂದು ಏಣಿ, ಅಟೆಂಡರ್ ಅಂತ ನಾನೊಬ್ಬ. ಮೂವತ್ತಾರು ವರ್ಷ ಕಳೆದು ಅವರು ಹೊರಟಾಗ ಪುಸ್ತಕ ಒಂದು ಲಕ್ಷದ ಮೇಲಿತ್ತು. ಏಣಿ ಅದೇ. ನಾನೂ ಅವನೇ.

ಅವರು ಓದಿದ್ದು ಭೂಗೋಳ. ವಾರವೆಲ್ಲ ಪುಸ್ತಕ, ಭಾನುವಾರ ಭೂಮಿ. ಸುತ್ತಲಿನ ಕೆರೆ, ಗುಡ್ಡ, ಹಳ್ಳ ಎಲ್ಲವನ್ನೂ ಕಾಲಲ್ಲಿ ನಡೆದು ಅಳೆದು ಒಂದು ದೊಡ್ಡ ನಕ್ಷೆ ಬರೆಯುತ್ತಿದ್ದರು. ಸರಪಳಿ ನನ್ನ ಹೆಗಲಿಗೆ.

ಒಂದು ದಿನ ಒಬ್ಬ ವಿದ್ಯಾರ್ಥಿ ಯಾವುದೋ ಪುಸ್ತಕ ಕೇಳಿದ. ನಾನು ಸ್ಟೂಲಿನಿಂದ ಏಳದೆ “ಇಲ್ಲ” ಅಂದೆ.

ರಾಯರು ಒಳಗಿನಿಂದ ಬಂದರು. ಏಣಿ ಹತ್ತಿದರು. ಮೇಲಿನ ಸಾಲಿನ ಹಿಂದೆ ಬಿದ್ದಿದ್ದ ಪುಸ್ತಕ ತೆಗೆದು, ಧೂಳು ಒರೆಸಿ, ಹುಡುಗನಿಗೆ ಕೊಟ್ಟರು.

“ನಾನೇನೂ ಸುಳ್ಳು ಹೇಳಲಿಲ್ಲ ಸ್ವಾಮಿ. ನಂಗೆ ಗೊತ್ತಿರಲಿಲ್ಲ.”

“ಹಾಗಂತಲೇ ಹೇಳಬಹುದಿತ್ತಲ್ಲ. ಇಲ್ಲ ಅನ್ನೋದಕ್ಕೂ ಎದ್ದು ನೋಡಬೇಕು, ಓಬಯ್ಯ.”

ನಕ್ಷೆಗೂ ಇದೇ ಕಟ್ಟುನಿಟ್ಟು. ಒಂದು ಹಳ್ಳಕ್ಕೆ ಒಬ್ಬರು ಹೆಸರು ಹೇಳಿದರೆ ಪೆನ್ಸಿಲಿನಲ್ಲಿ ಬರೆಯುವರು. ಬೇರೆ ಬೇರೆ ಕಡೆ ಇನ್ನೂ ಮೂವರು ಅದೇ ಹೆಸರು ಹೇಳಿದರೆ ಮಾತ್ರ ಅದರ ಮೇಲೆ ಶಾಯಿ.

ಹೀಗಿರುವಾಗ ಒಂದು ಭಾನುವಾರ ನಮ್ಮೂರಿಗೆ ಬಂದೆವು. ಇದೇ ಹಳ್ಳದ ದಂಡೆ.

“ಇದಕ್ಕೇನಂತಾರೆ?”

ನಮ್ಮೂರಲ್ಲಿ ಇದಕ್ಕೆ ಹಳ್ಳ ಅಂತಲೇ ಅನ್ನೋದು. ಇನ್ನೊಂದು ಹೆಸರಿರಲಿಲ್ಲ.

“ಸಣ್ಣೀರಮ್ಮನ ಹಳ್ಳ, ಸ್ವಾಮಿ.”

ರಾಯರು ಪೆನ್ಸಿಲಿನಲ್ಲಿ ಬರೆದರು. “ಇನ್ನು ಮೂವರು ಬೇಕು.”

ನನಗೆ ಕಾಲು ನಿಲ್ಲಲಿಲ್ಲ. ಈಗ ಬಂದೆ ಅಂತ ಹೇಳಿ ಗುಡ್ಡ ಬಳಸಿ ಓಡಿದೆ. ಜಿಂಕೆಯೊಂದು ನನಗೆ ದಾರಿ ಬಿಟ್ಟಿತು. ಕುರಿ ಕಾಯುವವನಿಗೆ, ಬಟ್ಟೆ ಒಗೆಯುವವಳಿಗೆ, ಗಾಡಿ ಹೊಡೆಯುವವನಿಗೆ ನನ್ನ ಸಂಚಿಯಿಂದ ಎಲೆ, ಅಡಿಕೆ, ಹೊಗೆಸೊಪ್ಪು ಕೊಟ್ಟೆ. “ಹೆಸರು ಕೇಳ್ತಾರೆ. ಹಿಂಗನ್ನಿ.”

ರಾಯರು ಕೇಳಿದರು. ಮೂವರೂ ಅಂದರು. ಗಾಡಿಯವನಂತೂ ಕೇಳುವ ಮೊದಲೇ ಅಂದ.

“ಆಯ್ತಲ್ಲ ಸ್ವಾಮಿ. ಇನ್ನು ಶಾಯಿ?”

“ಮೂರು ಬಾಯಿಗೂ ನಿನ್ನ ಸಂಚಿಯ ವಾಸನೆ, ಓಬಯ್ಯ.”

ರಬ್ಬರ್ ತೆಗೆದರು. ಅದನ್ನು ಹಾಳೆಯ ಮೇಲೆ ಹಿಡಿದುಕೊಂಡೇ ನನ್ನ ಮುಖ ನೋಡಿದರು. ಮತ್ತೆ ಜೇಬಿಗೆ ಹಾಕಿಕೊಂಡರು.

“ಅಳಿಸಲ್ವಾ?”

“ಅವಳು ಯಾರು ಅಂತ ನೀನಿನ್ನೂ ಹೇಳಿಲ್ಲ.”

ಕರಡಿ ಕಥೆ ಹೇಳುವ ಬಾಯಿಗೆ ಇದೊಂದು ಮಾತು ಬರಲಿಲ್ಲ.

ಸಣ್ಣೀರಮ್ಮ ನಮ್ಮವ್ವ. ಕಂಡವರ ಮನೆಗೆ ಈ ಹಳ್ಳದ ನೀರು ಹೊತ್ತು ಹೊತ್ತೇ ಸವೆದುಹೋದಳು. ಅವಳ ಹೆಸರು ಯಾವ ಕಾಗದದಲ್ಲೂ ಇಲ್ಲ. ಎಲ್ಲಾದರೂ ಒಂದು ಕಡೆ ಇರಲಿ ಅಂತ ನನ್ನಾಸೆ.

ನಕ್ಷೆ ಮುಗಿದು ಲೈಬ್ರರಿಯ ಗೋಡೆ ಏರಿತು. ಎಲ್ಲ ಹೆಸರೂ ಶಾಯಿ. ಅವ್ವ ಒಬ್ಬಳೇ ಪೆನ್ಸಿಲು. ನನಗೆ ಆಗ ಅಕ್ಷರ ಬರುತ್ತಿರಲಿಲ್ಲ. ಅವಳ ಹೆಸರಿನ ನಾಲ್ಕನ್ನು ಮಾತ್ರ ನೋಡಿ ನೋಡಿ ಕಲಿತೆ. ಬೆಳಿಗ್ಗೆ ಬಾಗಿಲು ತೆಗೆದವನೇ ಮೊದಲು ಅಲ್ಲಿಗೆ ಹೋಗುತ್ತಿದ್ದೆ. ಕಿಟಕಿಯ ಬಿಸಿಲಿಗೆ ವರ್ಷ ವರ್ಷಕ್ಕೂ ಮಾಸುತ್ತಿದ್ದಳು.

ರಾಯರು ರಿಟೈರಾದರು. ಆಮೇಲೆ ಹಾಸಿಗೆ ಹಿಡಿದರು. ಅವರು ತೀರಿಹೋಗುವ ತಿಂಗಳ ಮುಂಚೆ ನೋಡಲು ಹೋದೆ. ಕಾಲ ಬಳಿ ಕೂತೆ. ಆ ಕಾಲು ಎಷ್ಟು ಬಡವಾಗಿತ್ತು ಅಂದರೆ, ಸರಪಳಿಗಿಂತ ಹಗುರ.

“ಸ್ವಾಮಿ, ಆ ಹೆಸರು ನಮ್ಮವ್ವಂದು. ನಿಮ್ಮ ನಕ್ಷೆಗೆ ಸುಳ್ಳು ಸೇರಿಸಿದೆ. ನೀವು ಹೂಂ ಅಂದರೆ ಇವತ್ತೇ ಅಳಿಸ್ತೀನಿ.”

ರಾಯರು ಕೇಳಿದರು, “ದಿನಕ್ಕೆ ಎಷ್ಟು ಸಲ ಇಳೀತಿದ್ದಳು ಹಳ್ಳಕ್ಕೆ?”

“ನೂರು ಸಲ.”

“ಓಬಯ್ಯ.”

“ಹನ್ನೆರಡು.”

“ಎಷ್ಟು ವರ್ಷ?”

“ನಾನು ಹುಟ್ಟೋಕೆ ಮುಂಚಿಂದ.”

“ನಾನು ಮೂರು ಸಾಕು ಅಂದಿದ್ದೆ. ಹೋಗು, ಶಾಯಿ ಹಾಕು.”

ವಾರಿಜಮ್ಮನ ಪೆನ್ನು ನಿಂತಿತ್ತು.

“ನಕ್ಷೆಯಲ್ಲಿ ಅದೊಂದು ಹೆಸರು ಸೊಟ್ಟಗಿದೆ. ಅದು ನಿಮ್ಮ ಕೈಯಾ?”

“ನಂದೇ. ಮಾಸಿದ ಪೆನ್ಸಿಲ್ ಗೆರೆ ಮೇಲೇ ತಿದ್ದಿದೆ.”

ನಾವು ಹೀಗೆ ಕೂತದ್ದೂ ಭಾನುವಾರವೇ. ಈಗಲೂ ಭಾನುವಾರ ಬೆಳಗಾದರೆ ಈ ಎಡಹೆಗಲು ಭಾರಕ್ಕೆ ಕಾಯುತ್ತದೆ. ಎದ್ದು ಕೂತು, ಯಾರೂ ಕರೆಯಲಿಲ್ಲ ಅಂತ ಗೊತ್ತಾಗುವ ಹೊತ್ತಿಗೆ ಟೀ ಆರಿರುತ್ತದೆ.

“ಓಬಣ್ಣ,” ಅಂದರು ವಾರಿಜಮ್ಮ, ಮೆಲ್ಲಗೆ. “ಲಕ್ವ ಹೊಡೆದ ಮೇಲೆ ಅಪ್ಪನಿಗೆ ಮಾತು ಬಿದ್ದುಹೋಗಿತ್ತು. ಕಡೆಯ ಎರಡು ವರ್ಷ ಒಂದಕ್ಷರ ಹೊರಡಲಿಲ್ಲ. ನೀವು ಬಂದು ಹೋದ ದಿನವೂ ಅಷ್ಟೇ.”

ನಾನು ಎಡಹೆಗಲನ್ನು ಒಂದು ಸಲ ಹಾರಿಸಿದೆ.

“ಹಂಗಾದ್ರೆ ಪೆನ್ಸಿಲಲ್ಲಿ ಬರ್ಕೊಳ್ಳಿ, ತಾಯಿ.”