ಗುಡ್ಡದೊಳಗಿನ ಅಳು

"ಗುರುಗಳೇ, ದುಃಖವೇ ಇಲ್ಲದ ನೆಲೆ ಎಲ್ಲಾದರೂ ಇದೆಯೆ? ಇದ್ದರೆ ದಾರಿ ತೋರಿಸಿ" ಎಂದು ಶಿಷ್ಯ ಕೇಳಿದ. ಅವನ ತಮ್ಮ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ.

"ಇದೆ" ಎಂದು ಗುರುಗಳು ಕತೆ ಹೇಳಿದರು.

ಪಡುವಣ ಕಡಲಿನಾಚೆ ಒಂದು ದ್ವೀಪ. ಅಲ್ಲಿನ ಹಸಿರು ಗುಡ್ಡದ ಒಡಲಲ್ಲಿ ಕಿನ್ನರ ದೇವತೆಗಳು ವಾಸವಾಗಿದ್ದರು. ಅವರಿಗೆ ಮುಪ್ಪಿಲ್ಲ, ರೋಗವಿಲ್ಲ. ಅವರ ತಂತಿವಾದ್ಯಗಳ ನಾದ ಎಂದೂ ನಿಲ್ಲುತ್ತಿರಲಿಲ್ಲ.

ಗುಡ್ಡದ ಬುಡದ ಊರಿನಲ್ಲಿ ಮೊರ್ನಾ ಎಂಬ ಹೆಂಗಸು ಇದ್ದಳು. ಸಾವಾದ ಮನೆಗೆ ಹೋಗಿ, ಹೆಣದ ಪಕ್ಕ ಕುಳಿತು, ಸತ್ತವರ ಬದುಕನ್ನು ಹಾಡಿಕೊಂಡು ಅಳುವುದು ಅವಳ ಕಸುಬು. ಅವಳ ದನಿ ಕೇಳಿದರೆ ಕಲ್ಲಿನಂತೆ ಕುಳಿತವರೂ ಅತ್ತು ಹಗುರಾಗುತ್ತಿದ್ದರು.

ಒಂದು ಬೆಳಿಗ್ಗೆ ಗುಡ್ಡದ ದೇವತೆಯೊಬ್ಬಳು ಅವಳ ಬಾಗಿಲಿಗೆ ಬಂದಳು.

"ಅಮ್ಮಾ, ನನ್ನ ಗಂಡ ತೀರಿಕೊಂಡ. ನಮ್ಮಲ್ಲಿ ಯಾರಿಗೂ ಅಳುವುದು ಗೊತ್ತಿಲ್ಲ. ನೀನು ಬರಬೇಕು."

ಅವಳ ಗಂಡ ಒಬ್ಬ ಕುರುಬ. ಅವಳು ಮೆಚ್ಚಿ ಒಳಗೆ ಕರೆದುಕೊಂಡು ಹೋಗಿದ್ದಳು. ಗುಡ್ಡದೊಳಗೆ ಇದ್ದರೂ ಅವನು ಮನುಷ್ಯನೇ ತಾನೆ. ಮುಪ್ಪು ಬಂತು, ಹೋದ.

ಗುಡ್ಡದೊಳಗೆ ಹೋದವರು ಹಿಂದಿರುಗುವುದು ಅಪರೂಪ. ಮೊರ್ನಾಳಿಗೆ ಹೆದರಿಕೆಯಾಯಿತು. ಆದರೆ ಸಾವಿನ ಮನೆಯ ಕರೆಗೆ ಅವಳು ಎಂದೂ ಇಲ್ಲವೆಂದವಳಲ್ಲ. ಕರಿಯ ಕಂಬಳಿ ಹೊದ್ದು ಹೊರಟಳು.

ಒಳಗೆ ಹೆಣ ಮಲಗಿತ್ತು. ಸುತ್ತಲೂ ದೇವತೆಗಳು ಎಂದಿನಂತೆ ವಾದ್ಯ ನುಡಿಸುತ್ತಿದ್ದರು. ಇನ್ನೇನು ಎದ್ದು ತಿಂದಾನು ಎಂಬಂತೆ ಯಾರೋ ಅವನ ಮುಂದೆ ಹಣ್ಣು ಇಟ್ಟಿದ್ದರು.

ಮೊರ್ನಾ ಪಕ್ಕದಲ್ಲಿ ಕುಳಿತಳು. "ತಾಯಿ, ಇವನು ಎಂಥವನಾಗಿದ್ದ ಹೇಳು. ತಿಳಿಯದೆ ನಾನು ಹೇಗೆ ಅಳಲಿ?"

"ಚೆಲುವ. ಒಳ್ಳೆಯವನು. ಚೆನ್ನಾಗಿ ಹಾಡುತ್ತಿದ್ದ."

"ಹಾಗೆ ಯಾರ ಬಗ್ಗೆಯಾದರೂ ಹೇಳಬಹುದು. ಇವನ ಮೇಲೆ ನಿನಗೆ ಸಿಟ್ಟು ಬರುತ್ತಿದ್ದದ್ದು ಯಾತಕ್ಕೆ?"

ದೇವತೆ ಹೊಸ್ತಿಲ ಕಡೆ ನೋಡಿದಳು. "ಹೊರಗಿನಿಂದ ಬಂದವನು ಕಾಲಿನ ಕೆರಗಳನ್ನು ಹೊಸ್ತಿಲಿಗೆ ಅಡ್ಡವಾಗಿಯೇ ಬಿಡುತ್ತಿದ್ದ. ದಿನಾ ಎಡವುತ್ತಿದ್ದೆ, ದಿನಾ ಬಯ್ಯುತ್ತಿದ್ದೆ. ಈಗ ನಿನ್ನನ್ನು ಕರೆಯಲು ಹೊರಟಾಗ ಅಭ್ಯಾಸದಂತೆ ಕಾಲು ಎತ್ತಿ ಇಟ್ಟೆ. ಅಲ್ಲಿ..."

ಮಾತು ಮುಂದೆ ಹೋಗಲಿಲ್ಲ. ಅವಳು ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. ಬೆರಳು ಒದ್ದೆಯಾಗಿತ್ತು.

ವಾದ್ಯಗಳು ನಿಂತವು. ದೇವತೆಗಳಲ್ಲಿ ಹಿರಿಯನಾದವನು ಒಂದು ಬಟ್ಟಲು ಹಿಡಿದು ಬಂದ.

"ಮಗಳೇ, ಇದು ಮರೆವಿನ ಮಧು. ಕುಡಿದುಬಿಡು. ಅವನು ಬಂದದ್ದೂ ನೆನಪಿರುವುದಿಲ್ಲ, ಹೋದದ್ದೂ ನೆನಪಿರುವುದಿಲ್ಲ. ಹೀಗೆ ಅಳುತ್ತಿದ್ದರೆ ನಿನಗೂ ಮುಪ್ಪು ಬರುತ್ತದೆ. ಒಂದು ದಿನ ಅವನಂತೆಯೇ ಮಲಗುತ್ತೀಯೆ."

ತಾನು ಕೇಳಿದ ಒಂದು ಮಾತಿನಿಂದ ಇವಳಿಗೆ ಸಾವು ಅಂಟಿತಲ್ಲ ಎಂದು ಮೊರ್ನಾ ಸಂಕಟಪಟ್ಟಳು. "ಕುಡಿ ತಾಯಿ, ದಮ್ಮಯ್ಯ, ಕುಡಿ" ಎಂದಳು.

ದೇವತೆ ಬಟ್ಟಲನ್ನು ಕೈಗೆ ತೆಗೆದುಕೊಂಡಳು. ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಟ್ಟಲನ್ನು ಹಿರಿಯನಿಗೆ ಮರಳಿ ಕೊಟ್ಟು, ತಲೆಗೂದಲು ಬಿಚ್ಚಿ, ಮೊರ್ನಾಳ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು.

"ಶುರು ಮಾಡಮ್ಮ" ಎಂದಳು.

ಸಂಜೆಯವರೆಗೂ ಇಬ್ಬರೂ ಅತ್ತರು. ಉಳಿದ ದೇವತೆಗಳು ಏನೂ ಅರ್ಥವಾಗದೆ ದೂರ ನಿಂತು ನೋಡಿದರು.

ಮೊರ್ನಾಳನ್ನು ಯಾರೂ ತಡೆಯಲಿಲ್ಲ. ಅವಳು ಮನೆಗೆ ಮರಳಿದಳು. ಅಂದಿನಿಂದ ಊರಿನಲ್ಲಿ ಸಾವಾದಾಗಲೆಲ್ಲ ಎತ್ತರದ ಹೆಂಗಸೊಬ್ಬಳು ಗುಡ್ಡದ ಕಡೆಯಿಂದ ಇಳಿದು ಬಂದು ಅವಳ ಪಕ್ಕದಲ್ಲಿ ಕೂರುತ್ತಿದ್ದಳು. ಬರಬರುತ್ತಾ ಆಕೆಯ ಕೂದಲು ನರೆಯಿತು, ಬೆನ್ನು ಬಾಗಿತು. ಮೊರ್ನಾ ತೀರಿಕೊಂಡಾಗ ಅವಳಿಗಾಗಿ ಹಾಡಿ ಅತ್ತವಳೂ ಆಕೆಯೇ. ಮುಂದೆ ಆಕೆಯ ಸರದಿ ಬಂದಾಗ ಊರಿಗೆ ಊರೇ ಅತ್ತಿತು.

ಗುರುಗಳು ಕತೆ ನಿಲ್ಲಿಸಿದರು.

"ಗುಡ್ಡದಲ್ಲಿ ಉಳಿದ ದೇವತೆಗಳು ಏನಾದರು?" ಎಂದು ಶಿಷ್ಯ ಕೇಳಿದ.

"ಇಂದಿಗೂ ಅಲ್ಲಿ ಸುಖವಾಗಿದ್ದಾರೆ; ನೀನೂ ಹೋಗಬಹುದು, ನಿನ್ನ ತಮ್ಮನ ಹೆಸರನ್ನು ಬಾಗಿಲ ಹೊರಗೆ ಬಿಟ್ಟು ಹೋಗಬೇಕು, ಅಷ್ಟೆ."